ಸೇವಾಭಾವ ಇದೆ ಮೇಷ್ಟ್ರೇ, ಕೈ ಸಾಲುತ್ತಿಲ್ಲ

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಮೇ 12ರ ದಾದಿಯರ ದಿನಕ್ಕೆ ಅವರ ಸೇವೆಯನ್ನು ಹೊಗಳಿ ನಾವು ಹಾಕಿದ್ದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಅವರ ಮನೆಯವರು ಆಪರೇಷನ್ ಆಗಿ ಖಾಸಗಿ ಆಸ್ಪತ್ರೆಯಲ್ಲಿದ್ದಾಗ, ರಾತ್ರಿ ಡ್ರಿಪ್ ಬಾಟಲಿ ಖಾಲಿಯಾಗಿ ಪೈಪಿನೊಳಗೆ ರಕ್ತ ಬಂದುಬಿಟ್ಟಿತಂತೆ. ಬೆಲ್ ಒತ್ತಿ ಒತ್ತಿ ಸಾಕಾಯಿತು, ಸಿಸ್ಟರ್ ಬಂದದ್ದು ಮುಕ್ಕಾಲು ಗಂಟೆ ಕಳೆದ ಮೇಲೆ. ಕೈಯೂ ಊದಿಕೊಂಡಿತ್ತಂತೆ. ‘ಹಿಂದಿನವರ ಸೇವಾಭಾವ ಈಗಿನವರಿಗೆ ಎಲ್ಲಿದೆ?’ ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆ. ಮೊಮ್ಮಗಳು ಬಿ.ಎಸ್ಸಿ. ನರ್ಸಿಂಗ್ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ, ಏಜೆಂಟೊಬ್ಬ ಒಂದು ಕಾಲೇಜಿನ ಬ್ರೋಷರ್ ಕೊಟ್ಟು ಹೋಗಿದ್ದಾನೆ, ಕಳಿಸಲೋ ಬೇಡವೋ?

ಮೇಷ್ಟ್ರೇ, ನಮಸ್ಕಾರ. ಮೊದಲು ಆ ರಕ್ತದ ವಿಷಯ. ಬಾಟಲಿ ಖಾಲಿಯಾದಾಗ ಮೇಲಿಂದ ತಳ್ಳುವ ಒತ್ತಡ ಇರುವುದಿಲ್ಲ, ಹಾಗಾಗಿ ಸ್ವಲ್ಪ ರಕ್ತ ಹಿಂದಕ್ಕೆ ಬರುತ್ತದೆ. ನೋಡಿದರೆ ಜೀವ ಹೋದಂತಾಗುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅಪಾಯ ಇರುವುದಿಲ್ಲ. ಸೂಜಿಯ ಬಾಯಿ ಕಟ್ಟಿಕೊಂಡು ಮತ್ತೆ ಚುಚ್ಚಿಸಿಕೊಳ್ಳುವ ಫಜೀತಿ ಬರಬಹುದು, ಅಷ್ಟೇ. ಹಾಗಂತ ಮುಕ್ಕಾಲು ಗಂಟೆ ಕಾಯಿಸಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆ ರಾತ್ರಿ ಬೆಲ್ ಒತ್ತಿದವರಿಗೆ ಎದೆನೋವು ಬಂದಿದ್ದರೆ?

ಆದರೆ ಅದಕ್ಕೆ ಸೇವಾಭಾವ ಕಡಿಮೆಯಾದದ್ದೇ ಕಾರಣ ಎನ್ನುತ್ತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಾನೂ ಹಾಗೇ ಅಂದುಕೊಂಡಿದ್ದವನು. ಕೆಲವು ವರ್ಷದ ಹಿಂದೆ ನಮ್ಮಮ್ಮ ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದರು. ಹನ್ನೊಂದನೇ ದಿನಕ್ಕೆ ಬೆನ್ನ ಕೆಳಗೆ ಹುಣ್ಣಾಯಿತು. ಅದೇ, ಬೆಡ್ ಸೋರ್. ನಾನು ಸೀದಾ ಹೋಗಿ ಡ್ಯೂಟಿಯಲ್ಲಿದ್ದ ಹುಡುಗಿಯ ಮೇಲೆ ಕೂಗಾಡಿದೆ. ಅವಳು ಒಂದು ಮಾತೂ ಆಡಲಿಲ್ಲ, ಕೈಯಲ್ಲಿದ್ದ ಇಂಜೆಕ್ಷನ್ ಟ್ರೇ ಹಿಡಿದು ಮುಂದಿನ ಹಾಸಿಗೆಗೆ ಹೋದಳು. ಆ ರಾತ್ರಿ ನಿದ್ದೆ ಬರದೆ ಸುಮ್ನೆ ಎಣಿಸುತ್ತಾ ಕೂತೆ. 28 ಹಾಸಿಗೆ, ಒಬ್ಬಳು ನರ್ಸ್, ಒಬ್ಬಳು ಆಯಾ. ಮಲಗಿದಲ್ಲೇ ಇರುವವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು ಅಂತ ಪಾಠ ಹೇಳುತ್ತದೆ. ವಾರ್ಡಿನ ಅರ್ಧ ಜನಕ್ಕೆ ಅದು ಬೇಕು ಅಂದರೂ 14 ಜನ, ತಲಾ ಐದು ನಿಮಿಷ. 120 ನಿಮಿಷದಲ್ಲಿ 70 ನಿಮಿಷ ಅಲ್ಲಿಗೇ ಹೋಯಿತು. ಉಳಿದ 50 ನಿಮಿಷದಲ್ಲಿ ಇಂಜೆಕ್ಷನ್, ಬಿಪಿ, ಕೇಸ್ ಶೀಟ್ ಬರೆಯುವುದು, ಹೊಸ ಅಡ್ಮಿಷನ್, ಜೊತೆಗೆ ನನ್ನಂಥವನ ಕೂಗಾಟ. ನೀವು ಗಣಿತದ ಮೇಷ್ಟ್ರು, ನೀವೇ ಹೇಳಿ.

ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬರು ಎನ್ನುವ ಲೆಕ್ಕ ಕೇಂದ್ರ ಸರ್ಕಾರದ ಕಡತದಲ್ಲಿ ಎಂದಿನಿಂದಲೋ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 168 ಆಸ್ಪತ್ರೆಗಳ ಆಪರೇಷನ್ ರೋಗಿಗಳ ಬಗ್ಗೆ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಗಾರರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಾದಂತೆಲ್ಲ, 30 ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತಿತ್ತು. ಒಬ್ಬರಿಗೆ ಏಳು! ಕ್ಯಾಲಿಫೋರ್ನಿಯಾದವರು ಅಷ್ಟರಲ್ಲಾಗಲೇ, 1999ರಲ್ಲೇ, ಒಬ್ಬ ನರ್ಸಿಗೆ ಇಷ್ಟೇ ರೋಗಿ ಎಂದು ಕಾನೂನು ಮಾಡಿದ್ದರು. 2004ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ ಬೆಲ್ ಹಾಕಿಸುತ್ತಾರೆ, ಬೆಲ್ ಕೇಳಿ ಓಡಿಬರುವವರನ್ನು ನೇಮಿಸುವುದಿಲ್ಲ.

ಸಂಬಳದ ಕತೆ ಇನ್ನೊಂದು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಕೇಂದ್ರ ಒಂದು ಸಮಿತಿ ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆಯ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಕೇರಳದ ನರ್ಸುಗಳು ಬೀದಿಗಿಳಿದು ಹೋರಾಡಿ 2018ರಲ್ಲಿ 20,000ವನ್ನು ಕನಿಷ್ಠ ವೇತನ ಮಾಡಿಸಿಕೊಂಡರು. ಬೇರೆ ಕಡೆ ಆ ಶಿಫಾರಸು ಬಹುಪಾಲು ಕಾಗದದಲ್ಲೇ ಉಳಿಯಿತು. ಸ್ವಲ್ಪ ಅನುಭವ ಬಂದದ್ದೇ ತಡ, ಹುಡುಗಿಯರು ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆದು ಇಂಗ್ಲೆಂಡಿಗೋ, ಪ್ರೊಮೆಟ್ರಿಕ್ ಎಂಬ ಲೈಸೆನ್ಸ್ ಪರೀಕ್ಷೆ ಬರೆದು ದುಬೈಗೋ, ಜರ್ಮನ್ ಕಲಿತು ಜರ್ಮನಿಗೋ ಹೊರಡುತ್ತಾರೆ. ಅವರನ್ನು ಬೈಯುವುದು ನನ್ನಿಂದಾಗದು. ಕೈ ಪಳಗಿದವರು ಹೋಗುತ್ತಾರೆ, ವಾರ್ಡಿನಲ್ಲಿ ಉಳಿಯುವುದು ನಿನ್ನೆ ಪಾಸಾದವರು. ಅಂದು ರಾತ್ರಿ ನಿಮ್ಮ ಮನೆಯವರ ವಾರ್ಡಿನಲ್ಲಿ ಇದ್ದವಳೂ ಅಂಥವಳೇ ಇರಬಹುದು, ಅಲ್ವಾ?

ಈಗ ಮೊಮ್ಮಗಳು. ಕಳಿಸಿ. ಆದರೆ ಏಜೆಂಟ್ ಹೇಳಿದ ಕಾಲೇಜಿಗಲ್ಲ. ಕಟ್ಟಡ, ಗಾಜಿನ ಬಾಗಿಲು, ಬಸ್ಸಿನ ಬಣ್ಣ ಏನನ್ನೂ ನೋಡಬೇಡಿ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಎನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತು. ಆ ಆಸ್ಪತ್ರೆಗೆ ಹೇಳದೆ ಕೇಳದೆ ಒಂದು ಮಂಗಳವಾರ ಹೋಗಿ, ಹಾಸಿಗೆ ಎಣಿಸಬೇಡಿ, ಹಾಸಿಗೆ ಮೇಲೆ ಮಲಗಿದವರನ್ನು ಎಣಿಸಿ. ರೋಗಿಗಳೇ ಇಲ್ಲದಿದ್ದರೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ಬೇರೆ ಆಸ್ಪತ್ರೆಗೆ ಪೋಸ್ಟಿಂಗ್, ಅಂದರೆ ವಾರ್ಡಿನ ತರಬೇತಿಗೆ, ಕಳಿಸುತ್ತಾರೆ, ಅಲ್ಲಿ ಒಬ್ಬ ಬಡಪಾಯಿ ಅಜ್ಜನ ಬಿಪಿಯನ್ನು ಹತ್ತು ಜನ ಸಾಲಾಗಿ ನೋಡುತ್ತಾರೆ. ಇದರ ತದ್ವಿರುದ್ಧವೂ ಉಂಟು. ಕೆಲವು ಆಸ್ಪತ್ರೆಗಳಲ್ಲಿ ರೋಗಿಗಳು ತುಂಬಿರುತ್ತಾರೆ, ನರ್ಸುಗಳೇ ಇರುವುದಿಲ್ಲ, ವಿದ್ಯಾರ್ಥಿಗಳೇ ನೈಟ್ ಡ್ಯೂಟಿ ಎಳೆಯುತ್ತಿರುತ್ತಾರೆ. ಫೀಸು ಕಟ್ಟಿ ಕೂಲಿ ಮಾಡಿದ ಹಾಗೆ. ಮೂರನೇ ವರ್ಷದ ಹುಡುಗಿಯೊಬ್ಬಳನ್ನು ಕ್ಯಾಂಟೀನಿನಲ್ಲಿ ಹಿಡಿದು ಟೀ ಕೊಡಿಸಿ ಕೇಳಿ, ‘ನೀನು ಇಂಜೆಕ್ಷನ್ ಕೊಡುವಾಗ ಪಕ್ಕದಲ್ಲಿ ಯಾರು ನಿಂತಿರುತ್ತಾರಮ್ಮ?’ ಅಂತ. ಅವಳು ಮೇಡಂ ಹೆಸರು ಹೇಳಿದರೆ ಆ ಕಾಲೇಜು ಪರವಾಗಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯೇ ನೋಡಿಕೊಳ್ಳಿ. ಬಿ.ಎಸ್ಸಿ. ನರ್ಸಿಂಗ್‌ಗೂ ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸೀಟು ಸಿಗುತ್ತದೆ, ಮೊದಲು ಅಲ್ಲಿ ಪ್ರಯತ್ನಿಸಿ. ಒರಿಜಿನಲ್ ಅಂಕಪಟ್ಟಿಯನ್ನು ಏಜೆಂಟನ ಕೈಗೆ ಮಾತ್ರ ಕೊಡಬೇಡಿ, ದಮ್ಮಯ್ಯ. ಅದನ್ನು ವಾಪಸ್ ಪಡೆಯಲು ಅಲೆದಾಡುವ ಅಪ್ಪಂದಿರ ಪತ್ರಗಳು ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ.

ನಿಮ್ಮ ಮನೆಯವರ ಕೈ ಊತ ಇಳಿಯಿತೇ? ಎರಡು ಸಾಲು ಬರೆಯಿರಿ. ಆ ಏಜೆಂಟ್ ಕೊಟ್ಟ ಬ್ರೋಷರ್ ಇನ್ನೂ ಇದ್ದರೆ ಅದನ್ನೂ ಕಳಿಸಿ, ನೋಡೋಣ.

– ಸಂ.