ಕೆಂಪು ಜುಟ್ಟು ಕಂಡಿತು, ಬೆನ್ನು ನೋಡಿದ್ರಾ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೇವೆ. ಹಿತ್ತಲಿನ ಒಣಮರಕ್ಕೆ ಕಾಗೆ ಗಾತ್ರದ ಕಪ್ಪು ಹಕ್ಕಿಯೊಂದು ಬರುತ್ತದೆ. ಕೆಂಪು ಜುಟ್ಟು, ಹಣೆ ಮಾತ್ರ ಕಂದು. ಮರದಲ್ಲಿ ಗೇಣುದ್ದದ ಕಿಂಡಿ ಕೊರೆದಿದೆ. ಕಾಣೆಯಾಗಿರುವ ಐವರಿ ಬಿಲ್ಡ್ ಮರಕುಟಿಗ ಇದೇ ಅಂತ ಪಕ್ಕದ ಮನೆಯವರು. ಹೌದಾ? ಮರ ಹಾಳಾಗುತ್ತದೆಯೇ?

ಉತ್ತರ: ಅಲ್ಲ. ನಿಮಗೆ ಕಂಡದ್ದು ಪೈಲಿಯೇಟೆಡ್ ಮರಕುಟಿಗ, ಅದೂ ಹೆಣ್ಣು. ಗಂಡಿಗಾದರೆ ಜುಟ್ಟಿನ ಕೆಂಪು ಕೊಕ್ಕಿನ ಬುಡದವರೆಗೂ ಇಳಿದಿರುತ್ತದೆ, ಕೆನ್ನೆಯ ಮೇಲೂ ಮೀಸೆ ಎಳೆದ ಹಾಗೆ ಒಂದು ಕೆಂಪು ಪಟ್ಟೆ. ಹೆಣ್ಣಿಗೆ ಆ ಮೀಸೆ ಕಪ್ಪು.

ಪಕ್ಕದ ಮನೆಯವರನ್ನು ನೋಡಿ ನಗಬೇಡಿ. ಐವರಿ ಬಿಲ್ಡ್ ಗಂಡಿಗೂ ಕೆಂಪು ಜುಟ್ಟು, ಕಪ್ಪು ಹಣೆ. ಹಾಗಾಗಿ ತಲೆ ನೋಡಿ ತೀರ್ಮಾನಿಸಿದರೆ ಎಡವುತ್ತೇವೆ. ಬೆನ್ನು ನೋಡಬೇಕು. ಪೈಲಿಯೇಟೆಡ್ ಮರಕ್ಕೆ ಅಂಟಿಕೊಂಡು ಕೂತಾಗ ಬೆನ್ನು ಪೂರ್ತಿ ಕಪ್ಪು. ರೆಕ್ಕೆಯ ಬಿಳಿ ಕಾಣುವುದು ಹೆಚ್ಚಾಗಿ ಹಾರಿದಾಗಲೇ. ಐವರಿ ಬಿಲ್ಡ್ ಕೂತಾಗ ಬೆನ್ನಿನ ಕೆಳಭಾಗವೆಲ್ಲ ಬಿಳಿ. ಗಂಟಲೂ ಗುರುತು ಹೇಳುತ್ತದೆ: ಪೈಲಿಯೇಟೆಡ್‌ಗೆ ಬಿಳಿ, ಐವರಿ ಬಿಲ್ಡ್‌ಗೆ ಕಪ್ಪು. ಅದೂ ಅಲ್ಲದೆ ಐವರಿ ಬಿಲ್ಡ್ ಇದ್ದದ್ದು ಅಮೆರಿಕದ ಆಗ್ನೇಯ ಭಾಗದ ಜೌಗು ಕಾಡುಗಳಲ್ಲಿ ಮತ್ತು ಕ್ಯೂಬಾದಲ್ಲಿ. ಅಮೆರಿಕದಲ್ಲಿ ಎಲ್ಲರೂ ಒಪ್ಪುವ ಹಾಗೆ ಅದು ಕೊನೆಗೆ ಕಂಡದ್ದು 1944ರಲ್ಲಿ, ಲೂಯಿಸಿಯಾನಾದಲ್ಲಿ.

ಹಕ್ಕಿ ಕಾಣದಿದ್ದರೂ ಕಿಂಡಿ ಸಾಕು. ಬೇರೆ ಮರಕುಟಿಗಗಳ ತೂತು ಸಾಮಾನ್ಯವಾಗಿ ದುಂಡಗೆ. ಇದು ಮೇವಿಗಾಗಿ ಕೊರೆದದ್ದು ಮಾತ್ರ ಉದ್ದಕ್ಕೆ, ಬಡಗಿ ಉಳಿ ಹಿಡಿದು ತೆಗೆದ ಹಾಗೆ ಆಯತಾಕಾರ. ಮರ ಕೊರೆದು ಒಳಗೆ ಸೇರಿಕೊಂಡ ಕಾರ್ಪೆಂಟರ್ ಇರುವೆಗಳೇ ಅದಕ್ಕೆ ಮುಖ್ಯ ಊಟ. ಅಂದರೆ ಮರ ಮೊದಲೇ ಟೊಳ್ಳಾಗಿದೆ, ಹಕ್ಕಿಯ ತಪ್ಪೇನಿಲ್ಲ. ಮನೆ ಮೇಲೆ ಬೀಳುವ ಭಯ ಇಲ್ಲದಿದ್ದರೆ ಮರ ಹಾಗೇ ಇರಲಿ. ಇದು ಬಿಟ್ಟುಹೋದ ಗೂಡಿಗೆ ಗೂಬೆ, ವುಡ್ ಡಕ್ ಬಾತುಗಳೂ ಬರುತ್ತವೆ. ಹಕ್ಕಿಯನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಅದಕ್ಕೆ 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆಯ ರಕ್ಷಣೆ ಇದೆ.

ಇನ್ನೊಂದು ವಿಷಯ. ನಮ್ಮ ಪಶ್ಚಿಮ ಘಟ್ಟದ ಬಿಳಿಹೊಟ್ಟೆಯ ಕಪ್ಪು ಮರಕುಟಿಗ ಇದರ ಹತ್ತಿರದ ನೆಂಟ, ಎರಡೂ ಡ್ರಯೊಕೋಪಸ್ ಕುಲದವು. ಊರಿಗೆ ಬಂದಮೇಲೆ ದಾಂಡೇಲಿ ಕಡೆ ಹೋದರೆ ಅದನ್ನೂ ಹುಡುಕಿ.