ಟರ್ಕಿ ಹೆಸರುಗಳ ಅರ್ಥ ಕಲಿತು ಹೋದರೆ ಅಲ್ಲಿನವರ ಸ್ನೇಹ ಸುಲಭವಾ?

ಕೆಲಸಕ್ಕೆ ಇಜ್ಮಿರ್‌ಗೆ ಹೊರಟಿದ್ದೀರಿ, ಹೆಸರುಗಳ ಅರ್ಥ ಬಾಯಿಪಾಠ ಮಾಡಿದರೆ ಜನ ಹತ್ತಿರವಾಗುತ್ತಾರಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡು ಅದೇ ಊರಿಗೆ ಹೋದವನು.

ಒಂದು ನೋಟ್‌ಬುಕ್ ತುಂಬಾ ಬರೆದುಕೊಂಡಿದ್ದೆ. ದೆನಿಜ್ ಅಂದರೆ ಸಮುದ್ರ, ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಮೆಹ್ಮೆತ್ ಅನ್ನೋದು ಮುಹಮ್ಮದ್ ಹೆಸರಿನ ಟರ್ಕಿ ರೂಪ. ಆಫೀಸಿನಲ್ಲಿ ಇದು ಚೆನ್ನಾಗಿಯೇ ನಡೆಯಿತು.

ಆಮೇಲೆ ಒಂದು ಭಾನುವಾರ ನಮ್ಮ ಮನೆ ಓನರ್ ಅಮ್ಮ ಚಹಾಕ್ಕೆ ಕರೆದರು. ಅರವತ್ತು ದಾಟಿದವರು, ಹೆಸರು ಯೆತೆರ್. ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯವರು ಎಲ್ಲ ಕೂತಿದ್ದರು. "ನಿಮ್ಮ ಹೆಸರಿನ ಅರ್ಥ 'ಸಾಕು' ಅಂತ ಅಲ್ವಾ?" ಅಂದುಬಿಟ್ಟೆ. ಅವರು ಗ್ಲಾಸು ಕೆಳಗಿಟ್ಟು, "ಹೌದು, ನಾನು ಐದನೇ ಹೆಣ್ಣು" ಅಂದರು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳಲೇಬೇಕು. ಅರ್ಥ ಸರಿಯಾಗಿಯೇ ಇತ್ತು. ಊಟ ಬಡಿಸುವಾಗಲೂ 'ಯೆತೆರ್' ಅಂತಲೇ ಹೇಳುತ್ತಾರೆ. ಆದರೆ ಹೆಸರಾದಾಗ ಅದು ಅಪ್ಪ ಅಮ್ಮ ದೇವರ ಹತ್ತಿರ ಬೇಡಿಕೊಂಡ ಮಾತು: ಹೆಣ್ಣು ಸಾಕು. ಅಲ್ಲಿ ಕೂತಿದ್ದ ದೊಡ್ಡವರಿಗೆಲ್ಲ ಅದು ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡದ ಮಾತನ್ನು ನಾನು ಮೊಮ್ಮಕ್ಕಳ ಎದುರಿಗೆ ಆಡಿದೆ. ನಮ್ಮ ಅಜ್ಜಿಯ ಅಕ್ಕನ ಹೆಸರು ಸಾಕಮ್ಮ. ಹೊರಗಿನವನು ಯಾವನೋ ಬಂದು ಅವರಿಗೆ ಹೀಗೆ ಅಂದಿದ್ದರೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತು! ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ. ಆಮೇಲೆ ಬಾಡಿಗೆ ಕೊಡಲು ಹೋದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು.

ಅದಕ್ಕೇ ಆ ಪಟ್ಟಿ ಬಿಡಿ. ದುರ್ಸುನ್ ಅಂದರೆ 'ಉಳಿಯಲಿ', ಯಶಾರ್ ಅಂದರೆ 'ಬದುಕುತ್ತಾನೆ'. ಹುಟ್ಟಿದ ಮಕ್ಕಳು ಕೈಗೆ ಹತ್ತದ ಮನೆಗಳಲ್ಲಿ ಇಡುತ್ತಿದ್ದ ಹೆಸರುಗಳು, ನಮ್ಮ ತಿಪ್ಪಣ್ಣನ ಹಾಗೆ. ಸೊನ್‌ಗ್ಯುಲ್, 'ಕೊನೆಯ ಗುಲಾಬಿ', ಕೇಳಲು ಚೆಂದ. ಅದರ ಹಿಂದೆಯೂ ಎಷ್ಟೋ ಸಲ 'ಇದೇ ಕೊನೇ ಮಗು ಆಗಲಿ' ಅನ್ನೋ ಆಸೆ ಇರುತ್ತೆ.

ಮೊದಲು ಕರೆಯೋದು ಕಲಿಯಿರಿ. ಹೆಸರಾದ ಮೇಲೆ ಗಂಡಸರಿಗೆ ಬೇ, ಹೆಂಗಸರಿಗೆ ಹನಿಮ್. ಮನೆತನದ ಹೆಸರಿಗಲ್ಲ, ಸ್ವಂತ ಹೆಸರಿಗೇ ಸೇರಿಸಬೇಕು. ಮಾತಿಗೆ ವಿಷಯ ಬೇಕಿದ್ದರೆ ಮನೆತನದ ಹೆಸರಿನ ಬಗ್ಗೆ ಕೇಳಿ. 1934ರ ಕಾನೂನಿನಿಂದ ಎಲ್ಲರೂ ಒಂದನ್ನು ಇಟ್ಟುಕೊಳ್ಳಲೇಬೇಕಾಯಿತು. ಟರ್ಕಿ ಗಣರಾಜ್ಯ ಕಟ್ಟಿದ ಮುಸ್ತಫಾ ಕೆಮಾಲ್‌ಗೆ ಅತಾತುರ್ಕ್ ಅನ್ನೋ ಹೆಸರನ್ನು ಅಲ್ಲಿನ ಸಂಸತ್ತು ಕೊಟ್ಟಿದ್ದೂ ಅದೇ ವರ್ಷ. ತಾತನೋ ಮುತ್ತಾತನೋ ಆ ಹೆಸರು ಹೇಗೆ ಆರಿಸಿದರು ಅನ್ನೋ ಕಥೆಯನ್ನು ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಖುಷಿಯಿಂದ ಹೇಳುತ್ತಿದ್ದರು. ಯೆತೆರ್ ಹನಿಮ್ ಮನೆಯಲ್ಲೂ ಅಂಥ ಕಥೆ ಇತ್ತೇನೋ. ನಾನು ಅದನ್ನು ಕೇಳಲಿಲ್ಲ.