ಸುದ್ದಿ ಮೊಬೈಲಿನಲ್ಲೇ ಸಿಗುವಾಗ ಸ್ಥಳೀಯ ಪತ್ರಿಕೆ ಮುಚ್ಚಿದರೆ ನಷ್ಟವೇನು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸ್ಥಳೀಯ ಪತ್ರಿಕೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ಆದರೆ ಸುದ್ದಿಗೇನೂ ಬರ ಬಂದಿಲ್ಲ, ಬೆರಳ ತುದಿಯಲ್ಲೇ ರಾಶಿ ಬಿದ್ದಿದೆ, ಹಾಗಿದ್ದ ಮೇಲೆ ಈ ಗೋಳಾಟ ಏಕೆ? ನಾನು ಕೆಲವು ವರ್ಷ ಸಣ್ಣ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದವನು. ನನ್ನ ಮಾತಿನಲ್ಲಿ ಪಕ್ಷಪಾತ ಇದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಕಾಗದ ಹೋಗುತ್ತಿರುವುದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಶಾಯಿಯ ಪರಿಮಳ ನೆನೆದು ಕಣ್ಣೀರಿಡುವ ಲೇಖನಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ರಾತ್ರಿ ಪುಟ ಕಟ್ಟುವಾಗ ಕೊನೆಯ ಗಳಿಗೆಯಲ್ಲಿ ಜಾಹೀರಾತು ಬಂದರೆ ಒಳ್ಳೆಯ ವರದಿಯ ಕೊನೆಯ ಎರಡು ಪ್ಯಾರಾ ಕತ್ತರಿಸಬೇಕಿತ್ತು. ಮುಖ್ಯವಾದ ಮಾತು ಎಷ್ಟೋ ಸಲ ಅಲ್ಲೇ ಇರುತ್ತಿತ್ತು. ಜಾಲತಾಣದಲ್ಲಿ ಆ ಕಾಟವಿಲ್ಲ. ತಪ್ಪಾದರೆ ಅಲ್ಲೇ ತಿದ್ದಬಹುದು, ಹಳೆಯ ವರದಿ ಹುಡುಕಿದರೆ ಸಿಗುತ್ತದೆ. ಸಣ್ಣ ಪತ್ರಿಕೆಗಳೇನು ಸತ್ಯಹರಿಶ್ಚಂದ್ರನ ಸಂತತಿಯೂ ಆಗಿರಲಿಲ್ಲ. ದೊಡ್ಡ ಜಾಹೀರಾತುದಾರರ ವಿರುದ್ಧದ ಸುದ್ದಿ ಒಳಪುಟದ ಮೂಲೆಗೆ ಸರಿಯುತ್ತಿತ್ತು, ಗಣ್ಯರ ಹಾರ ತುರಾಯಿಯ ಚಿತ್ರ ಮುಖಪುಟಕ್ಕೆ ಏರುತ್ತಿತ್ತು.

ನಷ್ಟ ಇರುವುದು ಬೇರೆ ಕಡೆ. ಯಾವುದೇ ಸ್ಥಳೀಯ ಆಡಳಿತದ ಸಾಮಾನ್ಯ ಸಭೆಯನ್ನು ನೋಡಿ. ಕಾರ್ಯಸೂಚಿಯಲ್ಲಿ ಹತ್ತಾರು ವಿಷಯ ಇರುತ್ತವೆ. ಮೊದಲ ಎರಡಕ್ಕೆ ಸದಸ್ಯರು ಗಂಟೆಗಟ್ಟಲೆ ಕೂಗಾಡುತ್ತಾರೆ. ವಿಡಿಯೊ ಮಾಡುವವರಿಗೆ ಬೇಕಾದದ್ದು ಅಷ್ಟರಲ್ಲಿ ಸಿಕ್ಕಿರುತ್ತದೆ, ಅವರು ಎದ್ದು ಹೋಗುತ್ತಾರೆ. ಆಮೇಲೆ ಉಳಿದ ವಿಷಯಗಳೆಲ್ಲ ಒಂದೇ ಉಸಿರಿನಲ್ಲಿ ಮಂಜೂರಾಗುತ್ತವೆ. ಕಟ್ಟಕಡೆಗೆ ಬರುವುದು 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು'. ಮೊದಲೇ ಹಂಚಿದ ಪಟ್ಟಿಯಲ್ಲಿ ಇಲ್ಲದ ಹಾಳೆಯೊಂದು ಆಗ ಸದಸ್ಯರ ಕೈಗೆ ಬರುತ್ತದೆ: ಗುತ್ತಿಗೆಯ ಅವಧಿ ವಿಸ್ತರಣೆ, ಬಳಕೆಯ ಉದ್ದೇಶ ಬದಲಾದ ನಿವೇಶನ, ಟೆಂಡರ್ ಇಲ್ಲದ ತುರ್ತು ಕಾಮಗಾರಿ. ಆ ಹೊತ್ತಿನವರೆಗೆ ಹಿಂದಿನ ಸಾಲಿನಲ್ಲಿ ಆಕಳಿಸುತ್ತ ಕುಳಿತಿರುವವರು ಒಬ್ಬರು ಬೇಕು. ಆ ಹಾಳೆಯನ್ನು ಕೇಳಿ ಪಡೆಯಬೇಕು, ಹಿಂದಿನ ಸಭೆಯಲ್ಲಿ ಇದೇ ವಿಷಯ ಏನಾಗಿತ್ತು ಎಂಬ ನೆನಪೂ ಅವರಿಗೆ ಇರಬೇಕು. ಹಾಗೆ ಕೂರಲು ಸಂಬಳ ಕೊಡುತ್ತಿದ್ದ ವ್ಯವಸ್ಥೆ ಮುರಿದು ಬಿದ್ದಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಲ್ ಎಂಬ ಸಣ್ಣ ಊರಿದೆ, ನಲವತ್ತು ಸಾವಿರದೊಳಗಿನ ಜನಸಂಖ್ಯೆ. ಅಲ್ಲಿನ ನಗರ ವ್ಯವಸ್ಥಾಪಕ, ಅಂದರೆ ಆಡಳಿತದ ಮುಖ್ಯ ಅಧಿಕಾರಿ, ರಾಬರ್ಟ್ ರಿಝೊ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ಪಡೆಯುತ್ತಿದ್ದರು. ಅರೆಕಾಲಿಕ ನಗರಸಭಾ ಸದಸ್ಯರಿಗೂ ಲಕ್ಷ ಡಾಲರಿನ ಹತ್ತಿರ. ಇದಕ್ಕೆ ದಾರಿ ಮಾಡಿಕೊಟ್ಟದ್ದು, ಸದಸ್ಯರ ಸಂಬಳಕ್ಕೆ ರಾಜ್ಯ ಹಾಕಿದ್ದ ಮಿತಿಯಿಂದ ಊರನ್ನು ಬಿಡಿಸಿದ 2005ರ ಒಂದು ವಿಶೇಷ ಚುನಾವಣೆ. ಅದರಲ್ಲಿ ಮತ ಹಾಕಿದವರು ನಾನೂರಕ್ಕೂ ಕಡಿಮೆ. ಊರಿನ ಸಭೆಗಳಿಗೆ ನಿಯಮಿತವಾಗಿ ಹೋಗುವ ವರದಿಗಾರರೇ ಇರಲಿಲ್ಲ. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ವರದಿಗಾರರು ಪಕ್ಕದ ಊರಿನ ವ್ಯವಹಾರ ಕೆದಕುತ್ತಿದ್ದಾಗ ಇದು ಬಯಲಾಯಿತು. ರಿಝೊ ಜೈಲಿಗೆ ಹೋದರು. ಅಷ್ಟು ವರ್ಷ ಬೆನ್ನುಹತ್ತಿ ದಾಖಲೆ ಕೇಳುವ ವರದಿಗಾರರಿರಲಿಲ್ಲ.

ಇನ್ನು ದುಡ್ಡಿನ ಕಥೆ. ಪತ್ರಿಕೆಯನ್ನು ಸಾಕುತ್ತಿದ್ದದ್ದು ಓದುಗ ಎಂಬುದು ಓದುಗರ ಭ್ರಮೆ. ಓದುಗ ಕೊಡುವ ಹಣ ಅನೇಕ ಕಡೆ ಮುದ್ರಣ, ವಿತರಣೆಯ ಖರ್ಚಿಗೂ ಸಾಲುತ್ತಿರಲಿಲ್ಲ. ಸಾಕುತ್ತಿದ್ದದ್ದು ಜಾಹೀರಾತು, ಅದರಲ್ಲೂ ಬಾಡಿಗೆ ಮನೆ, ಕೆಲಸ ಖಾಲಿ ಇದೆ, ಹಳೆಯ ವಾಹನ ಮಾರಾಟಕ್ಕಿದೆ ಎಂಬ ವರ್ಗೀಕೃತ ಜಾಹೀರಾತಿನ ಸಾಲುಗಳು. ಮನೆ ಹುಡುಕಲು ಪತ್ರಿಕೆ ಕೊಂಡವನು ತನಗೆ ಅರಿವಿಲ್ಲದೆಯೇ ಆ ಹಿಂದಿನ ಸಾಲಿನ ವರದಿಗಾರನ ಸಂಬಳಕ್ಕೆ ಕೈಜೋಡಿಸುತ್ತಿದ್ದ. ಆ ಸಾಲುಗಳನ್ನು ಅಂತರ್ಜಾಲ ಪುಕ್ಕಟೆ ಮಾಡಿತು. ಅಮೆರಿಕದಲ್ಲಿ ಆ ಕೆಲಸ ಮಾಡಿದ ಕ್ರೇಗ್ಸ್‌ಲಿಸ್ಟ್ 1995ರಲ್ಲಿ ಆರಂಭವಾದಾಗ ಬರೀ ಒಂದು ಇಮೇಲ್ ಪಟ್ಟಿ. ಅಲ್ಲಿನ ಪತ್ರಿಕೆಗಳ ಜಾಹೀರಾತು ಆದಾಯ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಇದ್ದದ್ದು 2020ರ ಹೊತ್ತಿಗೆ ಸಾವಿರ ಕೋಟಿಗಿಂತ ಕೆಳಗಿಳಿಯಿತು. 2005ರಿಂದೀಚೆಗೆ ಆ ದೇಶದ ಪತ್ರಿಕೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮುಚ್ಚಿವೆ.

ಎಲ್ಲ ಪಾಪವನ್ನೂ ಅಂತರ್ಜಾಲದ ತಲೆಗೆ ಕಟ್ಟುವುದು ಮಾಲೀಕರಿಗೆ ಅನುಕೂಲ. ಸಾಲ ಮಾಡಿ ಪತ್ರಿಕೆಗಳನ್ನು ಸಗಟಾಗಿ ಕೊಂಡು, ಬಡ್ಡಿ ತೀರಿಸಲು ಸುದ್ದಿಮನೆ ಖಾಲಿ ಮಾಡಿದವರೂ ಇದ್ದಾರೆ. 2019ರಲ್ಲಿ ಅಮೆರಿಕದ ಗ್ಯಾನೆಟ್ ಎಂಬ ಪತ್ರಿಕಾ ಸಮೂಹವನ್ನು ಕೊಳ್ಳಲು ತಂದ 180 ಕೋಟಿ ಡಾಲರ್ ಸಾಲದ ಬಡ್ಡಿ ದರ ಶೇ 11.5! ಪುಟ ತೆಳ್ಳಗಾದ ಪತ್ರಿಕೆಗೆ ಓದುಗ ಏಕೆ ದುಡ್ಡು ಕೊಡುತ್ತಾನೆ?

'ಸರಿ, ಅದೇ ವರದಿಯನ್ನು ಆನ್‌ಲೈನ್‌ನಲ್ಲಿ ಹಾಕಲಿ' ಎನ್ನುತ್ತೀರಿ. ಹಾಕುತ್ತಾರೆ. ಆದರೆ ಮುದ್ರಿತ ಪುಟದಲ್ಲಿ ಯಾವ ಸುದ್ದಿಯನ್ನು ಎಷ್ಟು ಜನ ಓದಿದರು ಎಂಬುದು ನಮಗೆ ಗೊತ್ತೇ ಆಗುತ್ತಿರಲಿಲ್ಲ, ಆ ಅಜ್ಞಾನವೇ ನೀರಸ ವರದಿಗೆ ರಕ್ಷೆಯಾಗಿತ್ತು. ಈಗ ಸುದ್ದಿಮನೆಯ ಪರದೆಯ ಮೇಲೆ ಪ್ರತಿ ಸುದ್ದಿಯ ಎದುರಿಗೂ ಅಂಕಿ ಓಡುತ್ತಿರುತ್ತದೆ. ಚರಂಡಿ ಗುತ್ತಿಗೆಯ ಸುದ್ದಿಗಾಗಿ ವರದಿಗಾರ ಮೂರು ದಿನ ಅಲೆದಿದ್ದರೂ ಅದರ ಅಂಕಿ ನಟಿಯ ಮದುವೆಯ ಚಿತ್ರದ ಎದುರು ಲೆಕ್ಕಕ್ಕೇ ಇಲ್ಲ. ಸಂಪಾದಕ ಸಂತನಾಗಿದ್ದರೂ ಮರುದಿನ ವರದಿಗಾರನನ್ನು ಎಲ್ಲಿಗೆ ಕಳಿಸುತ್ತಾನೆ, ಹೇಳಿ. ಮೇಲಾಗಿ ಓದುಗರನ್ನು ತಲುಪುವ ದಾರಿಯೂ ಬೇರೆಯವರ ಕೈಯಲ್ಲಿದೆ. ಸುದ್ದಿಗೆ ಹಣ ಕೊಡಬೇಕೆಂಬ ಕಾನೂನು ಬಂದಾಗ ಮೆಟಾ ಕಂಪನಿ 2023ರ ಆಗಸ್ಟ್‌ನಿಂದ ಕೆನಡಾದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಿಂದ ಸುದ್ದಿಯನ್ನೇ ತೆಗೆದುಹಾಕಿತು. ಅಲ್ಲಿನ ಸಣ್ಣ ತಾಣಗಳಿಗೆ ಅದು ದೊಡ್ಡ ಪೆಟ್ಟು.

ದಾರಿಗಳೇ ಇಲ್ಲವೆಂದಲ್ಲ. ಬ್ರಿಟನ್‌ನಲ್ಲಿ 2017ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಬಿಬಿಸಿ ತನಗೆ ಟಿ.ವಿ. ನೋಡುವ ಮನೆಗಳಿಂದ ಬರುವ ಪರವಾನಗಿ ಶುಲ್ಕದ ಹಣದಿಂದ ಸ್ಥಳೀಯ ಪತ್ರಿಕೆಗಳ ನೂರಕ್ಕೂ ಹೆಚ್ಚು ವರದಿಗಾರರ ವೆಚ್ಚ ಭರಿಸುತ್ತದೆ. ಅವರ ಕೆಲಸ ಸ್ಥಳೀಯ ಆಡಳಿತದ ಸಭೆಗಳನ್ನು ವರದಿ ಮಾಡುವುದು. ಕೆನಡಾದ ಮಾಂಟ್ರಿಯಲ್ ನಗರದ ಲಾ ಪ್ರೆಸ್ ಪತ್ರಿಕೆ ಮುದ್ರಣವನ್ನೇ ಹಂತಹಂತವಾಗಿ ಬಿಟ್ಟು, 2018ರಲ್ಲಿ ಲಾಭರಹಿತ ಟ್ರಸ್ಟ್‌ನ ಕೈಗೆ ಹೋಗಿ, ಓದುಗರ ದೇಣಿಗೆಯನ್ನೂ ನೆಚ್ಚಿಕೊಂಡು ನಡೆಯುತ್ತಿದೆ. ಕಾಗದ ಬಿಟ್ಟರೂ ಪತ್ರಿಕೆ ಉಳಿಯಬಹುದು ಎಂಬುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಅದು.

ದೇಶದ ರಾಜಕೀಯ, ಕ್ರಿಕೆಟ್, ಷೇರುಪೇಟೆಗೆ ನಿಮ್ಮ ಮೊಬೈಲ್ ಧಾರಾಳ ಸಾಕು. ನೀವಿರುವ ಜಾಗದ ಸುದ್ದಿಗೆ ಸಾಕೇ ಎಂದು ತಿಳಿಯಬೇಕಾದರೆ, ನೀವು ನೋಡುವ ಸ್ಥಳೀಯ ತಾಣದ ಕಳೆದ ತಿಂಗಳ ವರದಿಗಳನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿ. ಪತ್ರಿಕಾ ಪ್ರಕಟಣೆ, ಪೊಲೀಸರ ಹೇಳಿಕೆ, ವೈರಲ್ ವಿಡಿಯೊ ಇವುಗಳನ್ನು ಬದಿಗಿಟ್ಟ ಮೇಲೆ, ಯಾರೋ ಸಭೆಗೋ ನ್ಯಾಯಾಲಯಕ್ಕೋ ಖುದ್ದಾಗಿ ಹೋಗಿ ಬರೆದದ್ದು ಏನಾದರೂ ಉಳಿಯುತ್ತದೆಯೇ? ಉಳಿದರೆ ಆ ತಾಣಕ್ಕೆ ಚಂದಾ ಕೊಡಿ. ಇಂಥವುಗಳಲ್ಲಿ ನಾನು ಬಲ್ಲ ಹೆಚ್ಚಿನವು ಒಬ್ಬಿಬ್ಬರ ದುಡಿಮೆಯ ಮೇಲೆ ನಿಂತಿವೆ, ಹಣ ಕೇಳಲು ಅವರಿಗೆ ಸಂಕೋಚ. ನೀವೇ ಮುಂದಾಗಿ ಎಲ್ಲಿಗೆ ಕಳಿಸಬೇಕೆಂದು ಕೇಳಬೇಕಾಗುತ್ತದೆ.